ಹಾಲಿನ ಪುಡಿಯ ಆಮದು ಸುಂಕಕ್ಕೂ ನಿಮ್ಮ ಹಾಲಿನ ದರಕ್ಕೂ ಏನು ಸಂಬಂಧ?



ಸಂಘದ ಸಭೆಗಳಲ್ಲಿ ಕೆಚ್ಚಲು ಬಾವು, ಗರ್ಭ ಕಟ್ಟದಿರುವುದು, ಪಶು ಆಹಾರದ ಬೆಲೆ ಇವೆಲ್ಲದರ ಮಾತು ಮುಗಿದ ಮೇಲೆ ಒಂದು ಪ್ರಶ್ನೆ ಬಂದೇ ಬರುತ್ತದೆ: "ಡಾಕ್ಟ್ರೇ, ಹೊರದೇಶದ ಹಾಲು ಬಂದ್ರೆ ನಮ್ಮ ಗತಿ ಏನು?"

ಹಡಗಿನಲ್ಲಿ ಹಸಿ ಹಾಲು ಬರುವುದಿಲ್ಲ. ಬರುವುದಾದರೆ ಕೆನೆ ತೆಗೆದ ಹಾಲಿನ ಪುಡಿ ಮತ್ತು ಬೆಣ್ಣೆ ಎಣ್ಣೆ ಬರುತ್ತವೆ. ಇವೆರಡನ್ನೂ ನೀರಿನಲ್ಲಿ ಬೆರೆಸಿದರೆ ಮತ್ತೆ ಹಾಲಾಗುತ್ತದೆ. ಹಸಿರು ಮೇವು ಹೇರಳವಾಗಿ ಸಿಗುವ ತಿಂಗಳುಗಳಲ್ಲಿ ಒಕ್ಕೂಟವೂ ಮಾರಿ ಉಳಿದ ಹಾಲನ್ನು ಪುಡಿ ಮಾಡಿಸುತ್ತದೆ. 100 ಲೀಟರ್ ಹಸುವಿನ ಹಾಲಿನಿಂದ ಸುಮಾರು ಎಂಟೂವರೆ ಕೆ.ಜಿ. ಪುಡಿ ಸಿಗುತ್ತದೆ, ಬೆಣ್ಣೆ ಬೇರೆ. ಪುಡಿಯ ಬೆಲೆ ಕೆ.ಜಿ.ಗೆ 50 ರೂಪಾಯಿ ಕುಸಿದರೆ, ಪುಡಿಗೆ ಹೋದ ಪ್ರತಿ ಲೀಟರಿಗೆ ನಾಲ್ಕು ರೂಪಾಯಿಗೂ ಹೆಚ್ಚು ನಷ್ಟ. ಈ ನಷ್ಟ ಕೊನೆಗೆ ಬಟವಾಡೆಯ ದಿನ ನಿಮ್ಮ ಕೈಗೆ ಬರುವ ಹಣದಲ್ಲೇ ಕಾಣುತ್ತದೆ.

ಈಗಿನ ನಿಯಮದಂತೆ ವರ್ಷಕ್ಕೆ 10,000 ಟನ್ ಪುಡಿಯನ್ನು ಶೇಕಡಾ 15ರ ಸುಂಕದಲ್ಲಿ ತರಿಸಬಹುದು. ಅದಕ್ಕಿಂತ ಹೆಚ್ಚಿಗೆ ಬಂದದ್ದಕ್ಕೆಲ್ಲ ಶೇಕಡಾ 60 ಸುಂಕ. ಉದಾಹರಣೆಗೆ, ಬಂದರಿಗೆ 200 ರೂಪಾಯಿಗೆ ಬಂದ ಒಂದು ಕೆ.ಜಿ. ಪುಡಿ 15ರ ಲೆಕ್ಕದಲ್ಲಿ 230, 60ರ ಲೆಕ್ಕದಲ್ಲಿ 320 ರೂಪಾಯಿ ಆಗುತ್ತದೆ. ಈ ಸುಂಕ ಮೊದಲಿನಿಂದಲೂ ಇದ್ದದ್ದಲ್ಲ. ನಮ್ಮಲ್ಲಿ ಹಾಲಿನ ಕೊರತೆ ಇದ್ದ ಕಾಲದಲ್ಲಿ, ಈ ಪುಡಿಗೆ ಸುಂಕ ಹಾಕುವುದಿಲ್ಲವೆಂದು ಭಾರತ ಗ್ಯಾಟ್ ಒಪ್ಪಂದದಲ್ಲಿ ಮಾತು ಕೊಟ್ಟಿತ್ತು. ಮತ್ತೆ ಮಾತುಕತೆ ನಡೆಸಿ ಅದನ್ನು ಬದಲಾಯಿಸಿಕೊಳ್ಳುವಷ್ಟರಲ್ಲಿ 2000ನೇ ಇಸವಿ ಬಂದಿತ್ತು. ಒಮ್ಮೆ ಕೊಟ್ಟ ಮಾತನ್ನು ಹಿಂದಕ್ಕೆ ಪಡೆಯುವುದು ಅಷ್ಟು ಸುಲಭವಲ್ಲ.

ಪ್ರಾದೇಶಿಕ ಮುಕ್ತ ವ್ಯಾಪಾರ ಒಪ್ಪಂದಗಳಲ್ಲಿ ಭಯವಿರುವುದೂ ಇಲ್ಲೇ. ಇಂಥ ಒಪ್ಪಂದಕ್ಕೆ ಸೇರಿದ ದೇಶಗಳು ತಮ್ಮತಮ್ಮೊಳಗೆ ಸುಂಕವನ್ನು ಹಂತಹಂತವಾಗಿ ಇಳಿಸುತ್ತಾ ಹೋಗಬೇಕು. ಆರ್‌ಸಿಇಪಿ ಎಂಬ 16 ದೇಶಗಳ ಮಾತುಕತೆಯಲ್ಲಿ ಚೀನಾ, ಜಪಾನ್ ಮೊದಲಾದವುಗಳ ಜೊತೆಗೆ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ಸಹ ಇದ್ದವು. ನ್ಯೂಜಿಲೆಂಡಿನ ಜನಸಂಖ್ಯೆ ಸುಮಾರು 50 ಲಕ್ಷ ಮಾತ್ರ. ಕರೆದ ಹಾಲಿನಲ್ಲಿ ಹೆಚ್ಚುಕಡಿಮೆ ಎಲ್ಲವನ್ನೂ ಹೊರಗೆ ಮಾರಲೇಬೇಕು. ಅಲ್ಲಿ ಒಂದು ಕೊಟ್ಟಿಗೆಗೆ ನೂರಾರು ಹಸು, ನಮ್ಮಲ್ಲಿ ಎರಡೋ ಮೂರೋ. ಹಾಲು ಉತ್ಪಾದಕರ ಸಂಘಟನೆಗಳು ಗಟ್ಟಿಯಾಗಿ ವಿರೋಧಿಸಿದವು. 2019ರ ನವೆಂಬರ್ 4ರಂದು ಬ್ಯಾಂಕಾಕಿನಲ್ಲಿ ಭಾರತ ತಾನು ಸೇರುವುದಿಲ್ಲವೆಂದು ತಿಳಿಸಿತು. ಉಳಿದ 15 ದೇಶಗಳು 2020ರಲ್ಲಿ ಸಹಿ ಹಾಕಿದವು.

ಬಾಗಿಲು ತೆರೆದರೆ ಏನಾಗುತ್ತದೆ ಎಂಬುದಕ್ಕೆ ಜಮೈಕಾ ದೇಶವನ್ನು ನೋಡಬಹುದು. ಅಲ್ಲಿ ಜಮೈಕಾ ಹೋಪ್ ಎಂಬ ಒಳ್ಳೆಯ ತಳಿಯಿದೆ. ಜರ್ಸಿಯ ಜೊತೆ ನಮ್ಮ ಕಡೆಯ ಸಾಹಿವಾಲ್ ರಕ್ತ ಸೇರಿಸಿ, ಬಿಸಿಲು ತಡೆಯುವಂತೆ ಬೆಳೆಸಿದ ಹಸು ಅದು. 1992ರಲ್ಲಿ ಆ ದೇಶ ಪುಡಿಯ ಆಮದಿಗೆ ದಾರಿ ಬಿಟ್ಟಿತು. ಸರ್ಕಾರದ ಸಹಾಯಧನ ಪಡೆದ ಯುರೋಪಿನ ಅಗ್ಗದ ಪುಡಿ ಬಂದು ತುಂಬಿತು. ಸ್ಥಳೀಯ ಹಾಲಿಗೆ ಕೊಳ್ಳುವವರಿಲ್ಲದೆ ರೈತರು ಹಾಲು ಚೆಲ್ಲಿದರು, ಕರೆಯುವ ಹಸುಗಳನ್ನು ಕಸಾಯಿಖಾನೆಗೆ ಕಳಿಸಿದರು. ಮುಂದಿನ ವರ್ಷಗಳಲ್ಲಿ ಉತ್ಪಾದನೆ ಅರ್ಧಕ್ಕಿಂತ ಕೆಳಗಿಳಿಯಿತು. ತಳಿ ಎಷ್ಟು ಚೆನ್ನಾಗಿದ್ದರೂ ಹಾಲಿಗೆ ಬೆಲೆಯಿಲ್ಲದಿದ್ದರೆ ಯಾರು ಸಾಕುತ್ತಾರೆ?

ಹಾಗೆಂದು ಸುಂಕವೊಂದಿದ್ದರೆ ದರ ಏರುತ್ತದೆಂದು ನಂಬಬೇಡಿ. 2018ರಲ್ಲಿ ಹೊರಗಿನ ಪುಡಿ ಬಾರದಿದ್ದರೂ ಬೆಲೆ ನೆಲ ಕಚ್ಚಿತ್ತು. ನಮ್ಮದೇ ದಾಸ್ತಾನು ಗೋದಾಮುಗಳಲ್ಲಿ ತುಂಬಿತ್ತು, ಜಗತ್ತಿನ ಮಾರುಕಟ್ಟೆಯೂ ಇಳಿದಿತ್ತು. ಸುಂಕ ಹೊರಗಿನ ನೀರನ್ನು ತಡೆಯುವ ಬದು. ಕೆರೆಯೊಳಗಿನ ಲೆಕ್ಕ ಬೇರೆ. ವರ್ಷಕ್ಕೊಂದು ಕರು ಕೊಡದ ಹಸುವಿನ ಖರ್ಚನ್ನು ಯಾವ ಸುಂಕವೂ ಭರಿಸುವುದಿಲ್ಲ. ಇದು ಪಶುವೈದ್ಯನ ಹಳೆಯ ರಾಗವೆಂದು ನಕ್ಕರೂ ಅಡ್ಡಿಯಿಲ್ಲ.

2022ರಲ್ಲಿ ಆಸ್ಟ್ರೇಲಿಯಾದೊಡನೆ, 2025ರಲ್ಲಿ ಬ್ರಿಟನ್ನಿನೊಡನೆ ಆದ ಒಪ್ಪಂದಗಳಲ್ಲಿ ಹಾಲಿನ ಪದಾರ್ಥಗಳಿಗೆ ಭಾರತ ರಿಯಾಯಿತಿ ಕೊಟ್ಟಿಲ್ಲ. ಮುಂದೆ ಪತ್ರಿಕೆಯಲ್ಲಿ ಹೊಸ ಒಪ್ಪಂದದ ಸುದ್ದಿ ಕಂಡಾಗ, ರಿಯಾಯಿತಿಯಿಂದ ಹೊರಗಿಟ್ಟ ವಸ್ತುಗಳ ಪಟ್ಟಿಯಲ್ಲಿ ಹಾಲಿನ ಪುಡಿ, ಬೆಣ್ಣೆ, ಬೆಣ್ಣೆ ಎಣ್ಣೆ, ಚೀಸ್ ಇವೆಯೇ ಎಂದು ಮೊದಲು ನೋಡಿರಿ. ಗೊತ್ತಾಗದಿದ್ದರೆ ಸಂಘದ ಕಾರ್ಯದರ್ಶಿಯವರ ಮೂಲಕ ಒಕ್ಕೂಟಕ್ಕೆ ಬರೆದು ಕೇಳಿರಿ.