ಅಂಗೈಯಗಲದ ಕಾರ್ಡಿಗಾಗಿ ಅಲಂಗ್‌ವರೆಗೆ

ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಷಟರ್‌ಗಳು ಮೇಲೆದ್ದು ಗಂಟೆ ಕಳೆಯುವಷ್ಟರಲ್ಲಿ ಕಾಲಿಡಲು ಜಾಗವಿರುವುದಿಲ್ಲ. ರಸ್ತೆಗೆ ಮುಖ ಮಾಡಿದ ಅಂಗಡಿಗಳಲ್ಲಿ ಲ್ಯಾಪ್‌ಟಾಪ್, ಸಿ.ಸಿ. ಕ್ಯಾಮೆರಾ, ಕೇಬಲ್ ಸುರುಳಿ. ಸಂದಿಯೊಳಕ್ಕೆ ಹೊಕ್ಕರೆ ಮಾಲು ಬದಲಾಗುತ್ತದೆ. ಗೋಡೆಯುದ್ದಕ್ಕೂ ಪುಟ್ಟ ಪುಟ್ಟ ಡ್ರಾಯರ್‌ಗಳು, ಒಂದೊಂದರ ಮೇಲೂ ಪೆನ್ನಿನಲ್ಲಿ ಬರೆದ ನಂಬರು. ಕಾರ್ಖಾನೆಯ ಯೂನಿಫಾರ್ಮಿನಲ್ಲೇ ಬಂದ ಮೆಂಟೆನೆನ್ಸ್ ಹುಡುಗನೊಬ್ಬ ಹಳೆ ಪೇಪರಿನಲ್ಲಿ ಸುತ್ತಿ ತಂದ ಹಸಿರು ಕಾರ್ಡನ್ನು ಗಾಜಿನ ಕಟ್ಟೆಯ ಮೇಲೆ ಬಿಚ್ಚಿಡುತ್ತಾನೆ. ಅಂಗಡಿಯ ಯಜಮಾನರು ಕನ್ನಡಕ ಸರಿಮಾಡಿಕೊಂಡು ಅದನ್ನು ಬೆಳಕಿಗೆ ಹಿಡಿಯುತ್ತಾರೆ.

“ಇದು ಈಗ ಬರಲ್ಲಪ್ಪ. ಕಂಪನಿಯವರೇ ನಿಲ್ಲಿಸಿಬಿಟ್ಟಿದ್ದಾರೆ.”

“ಹಳೇದಾದ್ರೂ ಪರವಾಗಿಲ್ಲ ಅಣ್ಣ. ಜನರೇಟರ್ ನಿಂತಿದೆ.”

“ಬಿಟ್ಟು ಹೋಗು, ವಿಚಾರಿಸ್ತೀನಿ. ಕಿತ್ತ ಮಾಲು ಸಿಕ್ಕಿದ್ರೆ ಫೋನ್ ಮಾಡ್ತೀನಿ.”

ಆ ಕಾರ್ಡು ಡೀಸೆಲ್ ಎಂಜಿನ್ನಿನ ವೇಗ ಕಾಯುವ ಗವರ್ನರಿನದು. ಕರೆಂಟು ಕೈಕೊಡುವುದು ಮಾಮೂಲಾಗಿದ್ದ 1980–90ರ ದಶಕಗಳಲ್ಲಿ ನಮ್ಮ ಕಾರ್ಖಾನೆಗಳು ಇಂಥ ದೊಡ್ಡ ಎಂಜಿನ್ನುಗಳನ್ನು ಕೂರಿಸಿಕೊಂಡವು. ಸರ್ಕಾರವೇ ಯಲಹಂಕದಲ್ಲಿ ಡೀಸೆಲ್ ವಿದ್ಯುತ್ ಕೇಂದ್ರ ನಡೆಸುತ್ತಿದ್ದ ಕಾಲ ಅದು. ಅಂದಿನ ಎಂಜಿನ್ನುಗಳಲ್ಲಿ ಎಷ್ಟೋ ಈಗಲೂ ಗಟ್ಟಿಮುಟ್ಟಾಗಿವೆ. ಬುಷ್ ಸವೆದರೆ, ಶಾಫ್ಟ್ ಬಾಗಿದರೆ ಪೀಣ್ಯದ ಯಾವುದಾದರೂ ಲೇತಿನ ಮುಂದೆ ನಿಂತು ಮಾಡಿಸಿಕೊಂಡು ಬರಬಹುದು. 1788ರಲ್ಲಿ ಜೇಮ್ಸ್ ವಾಟ್ ತನ್ನ ಹಬೆ ಎಂಜಿನ್ನಿಗೆ ಅಳವಡಿಸಿದ ತಿರುಗು ಗುಂಡುಗಳ ಗವರ್ನರನ್ನು ಬೇಕಿದ್ದರೂ ಒಳ್ಳೆಯ ಟರ್ನರ್ ಒಬ್ಬ ಇವತ್ತು ಮಾಡಿಕೊಟ್ಟಾನು. ಆದರೆ ಕಾರ್ಡಿನ ಮೇಲಿರುವ ಐ.ಸಿ. ಚಿಪ್ಪನ್ನು ಯಾವ ಲೇತೂ ಕಡೆಯಲಾರದು.

ಕಾರ್ಡಿನ ಕೆಲಸ ಕೇಳಲು ಸರಳ. ಫ್ಲೈವೀಲಿನ ಹಲ್ಲುಗಳ ಪಕ್ಕದಲ್ಲಿ ಮ್ಯಾಗ್ನೆಟಿಕ್ ಪಿಕಪ್ ಎಂಬ ಸಣ್ಣ ಸೆನ್ಸರ್ ಇರುತ್ತದೆ. ಹಲ್ಲೊಂದು ದಾಟಿದಾಗಲೆಲ್ಲ ಅದರಿಂದ ಒಂದು ಮಿಡಿತ ಹೊರಡುತ್ತದೆ. ನಿಮಿಷಕ್ಕೆ 1500 ಸುತ್ತು ತಿರುಗುವ, 120 ಹಲ್ಲಿನ ಚಕ್ರವಾದರೆ ಸೆಕೆಂಡಿಗೆ 3000 ಮಿಡಿತ. ಕಾರ್ಡು ಅದನ್ನು ಅಳೆದು, ವೇಗ ಇಳಿದಿದ್ದರೆ ಆಕ್ಚುಯೇಟರ್ ಮೂಲಕ ಡೀಸೆಲ್ ಹೆಚ್ಚಿಸುತ್ತದೆ, ಏರಿದ್ದರೆ ತಗ್ಗಿಸುತ್ತದೆ. ಕರೆಂಟು 50 ಹರ್ಟ್ಸ್‌ನಲ್ಲಿ ನಿಲ್ಲುವುದು ಈ ಎಡೆಬಿಡದ ತಿದ್ದುಪಡಿಯಿಂದ.

ಕಾರ್ಡಿಗೆ ವಯಸ್ಸಾದಾಗ ಮೊದಲು ಸೋಲುವುದು ಎಲೆಕ್ಟ್ರೋಲಿಟಿಕ್ ಕೆಪಾಸಿಟರ್. ಸುತ್ತಲಿನ ಶಾಖ 10 ಡಿಗ್ರಿ ಹೆಚ್ಚಿದರೆ ಅದರ ಆಯುಷ್ಯ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಜನರೇಟರ್ ಕೋಣೆಯ ಧಗೆ ಎಷ್ಟೆಂದು ಅಲ್ಲಿ ನಿಂತವರಿಗೇ ಗೊತ್ತು. ಒಳಗಿನ ದ್ರವ ಒಣಗುತ್ತಾ ಬಂದಂತೆ ಎಂಜಿನ್ ‘ಹಂಟಿಂಗ್’ ಶುರುಮಾಡುತ್ತದೆ: ಸದ್ದು ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ. ಶೆಡ್ಡಿನ ದೀಪಗಳೂ ಅದೇ ಲಯಕ್ಕೆ ಮಂಕಾಗಿ ಬೆಳಗುತ್ತವೆ. ಕೆಪಾಸಿಟರ್ ಇಂದಿಗೂ ಸಿಗುವ ಮಾಲು, ಬದಲಾಯಿಸಿದರಾಯಿತು. ಐ.ಸಿ.ಯೇ ಸತ್ತಿದ್ದರೆ ಅಲೆದಾಟ ಆರಂಭ.

ದೊಡ್ಡ ಎಂಜಿನ್ನು ಮೂವತ್ತು ನಲವತ್ತು ವರ್ಷ ದುಡಿಯುತ್ತದೆ. ಚಿಪ್ ತಯಾರಕರು ಅಷ್ಟು ಕಾಲ ಕಾಯುವುದಿಲ್ಲ. ಬೇಡಿಕೆ ಬಿದ್ದಾಗ ಕೊನೆಯ ಖರೀದಿಯ ನೋಟಿಸು ಹೊರಡಿಸಿ, ಸಾಮಾನ್ಯವಾಗಿ 6 ತಿಂಗಳ ಗಡುವು ಕೊಟ್ಟು ಆ ಮಾದರಿಯನ್ನೇ ಮುಗಿಸುತ್ತಾರೆ. ನೋಟಿಸು ಹೋಗುವುದು ದೊಡ್ಡ ಗಿರಾಕಿಗಳಿಗೆ. ಎರಡು ಜನರೇಟರ್ ಇಟ್ಟುಕೊಂಡ ಕಾರ್ಖಾನೆಗೆ ಸುದ್ದಿ ತಿಳಿಯುವುದು ಕಾರ್ಡು ಸುಟ್ಟ ದಿನ. ಅಮೆರಿಕದ ನಾಸಾಕ್ಕೂ ಈ ಪಾಡು ತಪ್ಪಲಿಲ್ಲ. ಬಾಹ್ಯಾಕಾಶ ನೌಕೆಯ ಬೂಸ್ಟರ್ ರಾಕೆಟ್ಟುಗಳನ್ನು ಪರೀಕ್ಷಿಸುವ ಉಪಕರಣಕ್ಕೆ ಇಂಟೆಲ್ 8086 ಚಿಪ್ ಬೇಕಾಗಿ, 2002ರ ಸುಮಾರಿಗೆ ಆ ಸಂಸ್ಥೆ ಇಬೇ ಹರಾಜಿನಲ್ಲಿ ಹಳೆಯ ಉಪಕರಣಗಳನ್ನು ಕೊಳ್ಳುತ್ತಿತ್ತು.

ನಮ್ಮಲ್ಲಿ ಅಂಥ ಹುಡುಕಾಟ ಮುಟ್ಟುವ ದೊಡ್ಡ ಠಿಕಾಣಿ ಗುಜರಾತಿನ ಅಲಂಗ್. ಭಾವನಗರದಿಂದ ಸುಮಾರು 50 ಕಿಲೋಮೀಟರ್ ದೂರ, ಖಂಭಾತ್ ಕೊಲ್ಲಿಯ ದಡ. ಭಾರೀ ಉಬ್ಬರವಿಳಿತದ ಈ ತೀರದಲ್ಲಿ 1983ರಿಂದ ಹಡಗು ಒಡೆಯುತ್ತಿದ್ದಾರೆ. ಉಬ್ಬರದ ಹೊತ್ತಿಗೆ ಪೂರ್ಣ ವೇಗದಲ್ಲಿ ಬಂದ ಹಡಗು ದಡದ ಕೆಸರಿನಲ್ಲಿ ಹೂತು ನಿಲ್ಲುತ್ತದೆ. ನೀರು ಇಳಿದ ಮೇಲೆ ಗ್ಯಾಸ್ ಕಟ್ಟರ್ ಹಿಡಿದವರು ಹತ್ತುತ್ತಾರೆ. ಒಡಿಶಾ, ಬಿಹಾರ, ಉತ್ತರ ಪ್ರದೇಶಗಳಿಂದ ಬಂದ ಕೂಲಿಗಳೇ ಹೆಚ್ಚು. ಕಬ್ಬಿಣದ ತಟ್ಟೆ ಬೀಳುವ, ಉಳಿದ ಎಣ್ಣೆಗೆ ಬೆಂಕಿ ಹತ್ತುವ ಅಪಾಯದ ನಡುವೆ ಅವರು ದುಡಿಯುವುದರಿಂದಲೇ ನಮ್ಮ ಕೈಗೆ ಬಿಡಿಭಾಗ ಸಿಗುತ್ತದೆ. ಇದನ್ನು ಮರೆಯಬಾರದು.

ಅಲಂಗ್‌ಗೆ ಹೋಗುವ ರಸ್ತೆಯ ಇಕ್ಕೆಲಗಳಲ್ಲೂ ಹಡಗಿನಿಂದ ಇಳಿದ ಮಂಚ, ಬೀರು, ಫ್ರಿಜ್, ಪಿಂಗಾಣಿ ತಟ್ಟೆಗಳ ಅಂಗಡಿಗಳು. ಎಂಜಿನ್ ಕೋಣೆಯ ಮಾಲಿಗೆ ಬೇರೆಯೇ ವ್ಯಾಪಾರಿಗಳಿದ್ದಾರೆ. ಅವರ ಗೋದಾಮಿನಲ್ಲಿ ಫ್ಯುಯೆಲ್ ಪಂಪು, ಟರ್ಬೋಚಾರ್ಜರ್, ವುಡ್‌ವರ್ಡ್ ಕಂಪನಿಯ ಗವರ್ನರ್, ಪ್ಯಾನೆಲ್ಲಿನಿಂದ ಬಿಚ್ಚಿದ ಕಂಟ್ರೋಲ್ ಕಾರ್ಡು. ಹಡಗುಗಳು ಸಾಮಾನ್ಯವಾಗಿ 25–30 ವರ್ಷ ತೇಲಿ ಇಲ್ಲಿಗೆ ಬರುತ್ತವೆ. ನೆಲದ ಮೇಲಿನ ಕಾರ್ಖಾನೆಗೂ ಹಡಗಿಗೂ ಒಂದೇ ಬಗೆಯ ಎಂಜಿನ್ನು, ಗವರ್ನರು ಹೋಗಿರುವುದುಂಟು. ಹಾಗಾಗಿ ಕಂಪನಿಯ ಪಟ್ಟಿಯಿಂದ ಎಂದೋ ಅಳಿಸಿಹೋದ ಭಾಗ ಇಲ್ಲಿ ಇಂದು ಹಡಗಿನಿಂದ ಇಳಿಯುತ್ತಿರುತ್ತದೆ.

ಸಿಕ್ಕಿತೆಂದು ತಂದು ಹಾಕುವಂತಿಲ್ಲ. ಸಮುದ್ರದ ಉಪ್ಪುಗಾಳಿಗೆ ಕಾರ್ಡಿನ ತಾಮ್ರದ ಗೆರೆಗಳಲ್ಲಿ ಹಸಿರು ಕಿಲುಬು ಹತ್ತಿರುತ್ತದೆ. ಆಲ್ಕೋಹಾಲ್ ಹಚ್ಚಿ ಮೆದು ಬ್ರಷ್ಷಿನಲ್ಲಿ ಉಜ್ಜಿ, ಚೆನ್ನಾಗಿ ಒಣಗಿಸಿ, ಎಂಜಿನ್ನಿಗೆ ಹಾಕುವ ಮೊದಲು ಮೇಜಿನ ಮೇಲೆಯೇ ಪಿಕಪ್ಪಿನ ಮಿಡಿತದಂಥ ಸಿಗ್ನಲ್ ಕೊಟ್ಟು ಪರೀಕ್ಷಿಸಬೇಕು. ಬಿಡಿ ಐ.ಸಿ. ಕೊಂಡಿದ್ದರೆ ಇನ್ನೂ ಎಚ್ಚರ ಬೇಕು. ಹಳೆಯ ಚಿಪ್ಪಿನ ಮೈ ಉಜ್ಜಿ, ಕಪ್ಪು ಬಳಿದು, ಬೇರೆ ನಂಬರು ಅಚ್ಚೊತ್ತಿ ಮಾರುವ ದಂಧೆ ಜಗತ್ತಿನಾದ್ಯಂತ ಇದೆ. ಅಮೆರಿಕ ಸೆನೆಟ್ಟಿನ ಸಮಿತಿಯೊಂದು 2012ರ ವರದಿಯಲ್ಲಿ ಮಿಲಿಟರಿ ಸರಬರಾಜಿನಲ್ಲೇ ಸುಮಾರು 1800 ಶಂಕಿತ ನಕಲಿ ಪ್ರಕರಣಗಳನ್ನು ಪಟ್ಟಿಮಾಡಿತು. ಅನುಭವಸ್ಥ ಟೆಕ್ನಿಷಿಯನ್ ಹತ್ತಿಯ ಕಡ್ಡಿಯನ್ನು ಅಸಿಟೋನಿನಲ್ಲಿ ಅದ್ದಿ ಚಿಪ್ಪಿನ ಮೇಲೆ ಉಜ್ಜುತ್ತಾನೆ. ಹತ್ತಿಗೆ ಕಪ್ಪು ಹತ್ತಿತೋ, ಮಾಲು ವಾಪಸ್. ಆಮೇಲೆ ಭೂತಗನ್ನಡಿಯಲ್ಲಿ ನಾಲ್ಕಂಕಿಯ ಡೇಟ್ ಕೋಡ್ ಓದುತ್ತಾನೆ: 8732 ಎಂದಿದ್ದರೆ 1987ರ 32ನೇ ವಾರ. ತಯಾರಿಕೆ ನಿಂತ ಮೇಲಿನ ತಾರೀಖು ಕಂಡರೆ ಅದು ನಕಲಿ.

ಪ್ರೋಗ್ರಾಂ ಬರೆದಿಟ್ಟ, ಗುಂಡಗಿನ ಗಾಜಿನ ಕಿಟಕಿಯಿರುವ ಇ.ಪಿ.ರಾಮ್ ಚಿಪ್ಪಿನ ಕಥೆಯೇ ಬೇರೆ. ಅಂಥದ್ದೇ ಖಾಲಿ ಚಿಪ್ ಸಿಕ್ಕರೂ ಒಳಗಿನ ಪ್ರೋಗ್ರಾಂ ಯಾವ ಮಾರುಕಟ್ಟೆಯಲ್ಲೂ ಸಿಗದು. ಕಿಟಕಿಗೆ ಅಂಟಿಸಿದ ಸ್ಟಿಕ್ಕರ್ ಕಿತ್ತುಹೋಗಿ ಬಿಸಿಲು ಬೀಳುತ್ತಾ ಬಂದರೆ ಬರೆದದ್ದು ಅಳಿಸುತ್ತದೆ. ಬಿಸಿಲು ಬೀಳದಿದ್ದರೂ ದಶಕಗಳು ಉರುಳಿದಂತೆ ಸೋರುತ್ತದೆ.

ಇಡೀ ಕಂಟ್ರೋಲನ್ನೇ ಹೊಸ ಡಿಜಿಟಲ್ ಗವರ್ನರಿಗೆ ಬದಲಾಯಿಸುವುದು ಕೊನೆಗೆ ಎಲ್ಲರಿಗೂ ಅನಿವಾರ್ಯ. ಆದರೆ ಅದಕ್ಕೆ ಆಕ್ಚುಯೇಟರ್, ಲಿಂಕೇಜ್, ವೈರಿಂಗ್ ಎಲ್ಲವೂ ಹೊಸದಾಗಬೇಕು, ದುಡ್ಡು ಹೊಂದಿಸಬೇಕು, ಎಂಜಿನ್ ನಿಲ್ಲಿಸಬೇಕು. ಅಲ್ಲಿಯವರೆಗೆ ಹಳೆಯದನ್ನು ನಡೆಸುವುದು ಜಿಪುಣತನವಲ್ಲ. ನೂರಾರು ಟನ್ ಒಳ್ಳೆಯ ಉಕ್ಕನ್ನು ಗುಜರಿಗೆ ಹೋಗದಂತೆ ಕಾಯುವ ಕೆಲಸ. ತಯಾರಿಕೆ ನಿಂತ ಭಾಗಗಳ ಈ ನಿಭಾವಣೆಯನ್ನು ಶಿಸ್ತಿನಿಂದ ಮಾಡಲು ಐ.ಇ.ಸಿ. 62402 ಎಂಬ ಅಂತರರಾಷ್ಟ್ರೀಯ ಮಾನದಂಡವೇ 2007ರಿಂದ ಇದೆ. ಕಾರ್ಡಿನ ಉತ್ಪಾದನೆ ನಿಲ್ಲಿಸುವ ಕಂಪನಿಗಳು ಅದರ ಸರ್ಕ್ಯೂಟ್ ನಕ್ಷೆಯನ್ನಾದರೂ ಗಿರಾಕಿಗೆ ಕೊಡಬೇಕು. ಅದನ್ನು ಕಾನೂನೇ ಕಡ್ಡಾಯ ಮಾಡಬೇಕು.

ನಿಮ್ಮ ಕಾರ್ಖಾನೆಯಲ್ಲಿ, ಆಸ್ಪತ್ರೆಯಲ್ಲಿ, ಪಂಪ್‌ಹೌಸಿನಲ್ಲಿ ಇಂಥ ಎಂಜಿನ್ನೊಂದು ಓಡುತ್ತಿದ್ದರೆ, ಅದು ಓಡುತ್ತಿರುವಾಗಲೇ ಇಷ್ಟು ಮಾಡಿಡಿ. ಕಾರ್ಡಿನ ಎರಡೂ ಬದಿಯ ಫೋಟೊ ತೆಗೆಯಿರಿ. ಪ್ರತಿ ಐ.ಸಿ.ಯ ನಂಬರನ್ನು, ಪ್ರತಿ ತಿರುಪಿನ ಸೆಟ್ಟಿಂಗನ್ನು ಪುಸ್ತಕದಲ್ಲಿ ಬರೆಯಿರಿ. ಇ.ಪಿ.ರಾಮ್ ಇದ್ದರೆ ಎಂಜಿನ್ ನಿಂತಿರುವ ರಜೆಯ ದಿನ ತಿಳಿದವರಿಂದ ಪ್ರತಿ ಮಾಡಿಸಿ. ಆ ಎಂಜಿನ್ನಿನ ಮರ್ಮ ಬಲ್ಲ ಹಿರಿಯ ಮೆಕ್ಯಾನಿಕ್ ನಿವೃತ್ತರಾಗುವ ಮುನ್ನ ಅವರ ಪಕ್ಕದಲ್ಲಿ ಒಬ್ಬ ಹುಡುಗನನ್ನು ನಿಲ್ಲಿಸಿ.