ತಲೆನೋವಿನ ಮಾತ್ರೆ ನುಂಗುವ ಮೊದಲು

ವಾರದ ಸಭೆಯಲ್ಲಿ ಉಳಿತಾಯದ ಹಣ ಎಣಿಸುತ್ತಿರುವಾಗಲೇ ಯಾರಾದರೂ ಒಬ್ಬರು ಹಣೆ ಹಿಡಿದು ಕೂತುಬಿಡುತ್ತಾರೆ. "ಯಾರ ಹತ್ರ ಆದ್ರೂ ತಲೆನೋವಿನ ಮಾತ್ರೆ ಉಂಟಾ?" ಅಂತ ಕೇಳಿದ ಕೂಡಲೇ ಮೂರು ಬ್ಯಾಗುಗಳಿಂದ ಮೂರು ಬಗೆಯ ಮಾತ್ರೆ ಹೊರಗೆ ಬರುತ್ತದೆ. ಕೊಡುವವರ ಮನಸ್ಸು ಒಳ್ಳೆಯದೇ. ಆದರೆ ಬೆಳಿಗ್ಗೆಯಿಂದ ಬೇರೆ ಯಾವ ಮಾತ್ರೆ ನುಂಗಿದ್ದೀರಿ ಅಂತ ಯಾರೂ ಕೇಳುವುದಿಲ್ಲ. ಈ ಸಲ ನಾವು ಆ ಪ್ರಶ್ನೆಯ ಬಗ್ಗೆಯೇ ಬರೆಯುತ್ತಿದ್ದೇವೆ.

ಡಾಕ್ಟರರು ಮೈಗ್ರೇನ್ ಎನ್ನುವ ಅರೆತಲೆನೋವು ಗಂಡಸರಿಗಿಂತ ಹೆಂಗಸರಲ್ಲಿ ಸುಮಾರು ಎರಡರಿಂದ ಮೂರು ಪಟ್ಟು ಹೆಚ್ಚು. ತಲೆಯ ಒಂದು ಬದಿ ಬಡಿದುಕೊಂಡ ಹಾಗೆ ನೋವು, ವಾಕರಿಕೆ, ಬೆಳಕು ಮತ್ತು ಸದ್ದು ತಡೆಯಲಿಕ್ಕೆ ಆಗದಿರುವುದು ಇದರ ಗುರುತು. ಮುಟ್ಟಿನ ದಿನಗಳಲ್ಲಿ, ನಿದ್ದೆಗೆಟ್ಟಾಗ, ಹೊತ್ತಿಗೆ ಸರಿಯಾಗಿ ಊಟ ಮಾಡದಿದ್ದಾಗ ಜಾಸ್ತಿ. ಮನೆಯವರಿಗೆಲ್ಲಾ ಬಡಿಸಿ ಮೂರು ಗಂಟೆಗೆ ಉಣ್ಣುವವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಮೊದಲು ತಿಳಿಯಬೇಕಾದದ್ದು, ಮಾತ್ರೆಯ ಹೆಸರು ಬೇರೆ ಇದ್ದರೂ ಒಳಗಿನ ಮದ್ದು ಒಂದೇ ಇರಬಹುದು. ಕ್ರೋಸಿನ್, ಡೋಲೋ ಎರಡರಲ್ಲೂ ಇರುವುದು ಪ್ಯಾರಸಿಟಮಾಲ್. ಕಾಂಬಿಫ್ಲಾಮ್‌ನಲ್ಲಿ ಐಬುಪ್ರೊಫೆನ್ ಜೊತೆಗೆ ಅದೇ ಪ್ಯಾರಸಿಟಮಾಲ್. ಸಾರಿಡಾನ್‌ನಲ್ಲೂ ಉಂಟು. ಶೀತ–ಜ್ವರಕ್ಕೆ ಕೊಡುವ ಎಷ್ಟೋ ಮಾತ್ರೆಗಳಲ್ಲೂ ಉಂಟು. ಹೀಗೆ "ಒಂದರಲ್ಲಿ ಹೋಗಲಿಲ್ಲ, ಇನ್ನೊಂದು ತಕೊಂಡೆ" ಅನ್ನುವವರು ಒಂದೇ ಮದ್ದನ್ನು ಎರಡು, ಮೂರು ಸಲ ನುಂಗಿರುತ್ತಾರೆ. ಆರೋಗ್ಯವಂತ ದೊಡ್ಡವರಿಗೆ 24 ಗಂಟೆಯಲ್ಲಿ ಪ್ಯಾರಸಿಟಮಾಲ್ ಒಟ್ಟು 4 ಗ್ರಾಂ ದಾಟಬಾರದು. ಅಂದರೆ 650ರ ಮಾತ್ರೆ ಆರಕ್ಕಿಂತ ಹೆಚ್ಚು ಕೂಡದು. ಮಿತಿ ಮೀರಿದರೆ ಪೆಟ್ಟು ಬೀಳುವುದು ಲಿವರಿಗೆ, ಮತ್ತು ಅದು ಮೊದಲ ದಿನ ಗೊತ್ತಾಗುವುದೂ ಇಲ್ಲ. ಮೈತೂಕ ಕಡಿಮೆ ಇರುವವರು, ಲಿವರ್ ತೊಂದರೆ ಇರುವವರು, ಕುಡಿಯುವ ಅಭ್ಯಾಸ ಇರುವವರು, ಕ್ಷಯದ ಮದ್ದು ತೆಗೆದುಕೊಳ್ಳುವವರು ಎಷ್ಟು ತೆಗೆದುಕೊಳ್ಳಬಹುದು ಎಂದು ಡಾಕ್ಟರರನ್ನು ಕೇಳಿಯೇ ತಿಳಿಯಬೇಕು.

ಇನ್ನು ನಮಗೆ ಹೆಚ್ಚು ಚಿಂತೆ ಇರುವ ಮಾತ್ರೆ ವ್ಯಾಸೋಗ್ರೇನ್. ಅರೆತಲೆನೋವಿಗೆ ನಮ್ಮಲ್ಲಿ ಬಹಳ ಜನ ಇದನ್ನೇ ನುಂಗುತ್ತಾರೆ, ಪಕ್ಕದ ಮನೆಯವರಿಗೂ ಕೊಡುತ್ತಾರೆ. ಇದರಲ್ಲಿ ಎರ್ಗೋಟಮೈನ್ ಎಂಬ ಮದ್ದು ಇದೆ. ಅದು ರಕ್ತನಾಳಗಳನ್ನು ಬಿಗಿ ಮಾಡುತ್ತದೆ. ಸಾಮಾನ್ಯವಾಗಿ ನಮ್ಮ ಲಿವರ್ ಇದನ್ನು ಕರಗಿಸಿ ಹೊರಗೆ ಹಾಕುತ್ತದೆ. ಆದರೆ ಗಂಟಲು, ಎದೆಯ ಸೋಂಕಿಗೆ ಕೊಡುವ ಎರಿಥ್ರೋಮೈಸಿನ್, ಕ್ಲಾರಿಥ್ರೋಮೈಸಿನ್, ಹುಳಕಡ್ಡಿಗೆ ಕೊಡುವ ಇಟ್ರಾಕೊನಜೋಲ್, ಎಚ್.ಐ.ವಿ.ಗೆ ಕೊಡುವ ಕೆಲವು ಮದ್ದುಗಳು ಲಿವರಿನ ಆ ಕೆಲಸವನ್ನು ತಡೆಯುತ್ತವೆ. ಆಗ ಎರ್ಗೋಟಮೈನ್ ಮೈಯಲ್ಲೇ ಸೇರಿಕೊಂಡು ಕೈಕಾಲಿನ ಬೆರಳುಗಳಿಗೆ ರಕ್ತ ಹೋಗದೆ ತಣ್ಣಗಾಗುತ್ತವೆ, ಜೋಮು ಹಿಡಿಯುತ್ತವೆ, ನೀಲಿಗಟ್ಟುತ್ತವೆ. ಹಾಗೇ ಬಿಟ್ಟರೆ ಬೆರಳು ಕೊಳೆಯುವ ತನಕ ಹೋಗಬಹುದು. ಹುಳಕಡ್ಡಿಗೆ ವಾರಗಟ್ಟಲೆ ಮಾತ್ರೆ ನುಂಗುವವರು ಅದನ್ನು ದೊಡ್ಡ ಮದ್ದು ಅಂತ ಲೆಕ್ಕಕ್ಕೇ ಇಟ್ಟುಕೊಂಡಿರುವುದಿಲ್ಲ, ಅದಕ್ಕೇ ಇಷ್ಟು ಬಿಡಿಸಿ ಹೇಳಿದ್ದು. ಬಸುರಿಯರು, ಬಿ.ಪಿ. ಹತೋಟಿಯಲ್ಲಿ ಇಲ್ಲದವರು, ಹೃದಯದ ತೊಂದರೆ ಇರುವವರು ಈ ಮಾತ್ರೆಯನ್ನು ಮುಟ್ಟಲೇಬಾರದು. ಡಾಕ್ಟರರು ಸುಮಾಟ್ರಿಪ್ಟಾನ್ ಬರೆದುಕೊಟ್ಟಿದ್ದರೆ, ವ್ಯಾಸೋಗ್ರೇನ್ ತೆಗೆದುಕೊಂಡ 24 ಗಂಟೆಯೊಳಗೆ ಅದನ್ನು ತೆಗೆದುಕೊಳ್ಳಬಾರದು.

ಬಿ.ಪಿ. ಮಾತ್ರೆ ನಮ್ಮ ಸಂಘಗಳಲ್ಲಿ ಎಷ್ಟೋ ಅಕ್ಕಂದಿರು ನುಂಗುತ್ತಾರೆ. ಅವರು ಐಬುಪ್ರೊಫೆನ್, ಡೈಕ್ಲೋಫೆನಾಕ್ ಇರುವ ಮಾತ್ರೆಗಳ ವಿಷಯದಲ್ಲಿ ಜಾಗ್ರತೆ ಇರಬೇಕು. ಇವು ಮೈಯಲ್ಲಿ ಉಪ್ಪು, ನೀರು ನಿಲ್ಲಿಸಿ ಬಿ.ಪಿ. ಏರಿಸುತ್ತವೆ. ಟೆಲ್ಮಿಸಾರ್ಟಾನ್, ಲೊಸಾರ್ಟಾನ್, ಎನಾಲಾಪ್ರಿಲ್‌ನಂಥ ಮಾತ್ರೆ ಒಂದು, ಮೂತ್ರ ಹೋಗಲಿಕ್ಕೆ ಕೊಡುವ ಮಾತ್ರೆ ಇನ್ನೊಂದು, ಮೇಲೆ ಇದು ಮೂರನೆಯದು ಆದರೆ ಕಿಡ್ನಿಗೆ ಬಹಳ ಭಾರ. ವಾಂತಿ ಆಗಿ ಮೈಯಲ್ಲಿ ನೀರು ಕಡಿಮೆಯಾದಾಗ ಇನ್ನೂ ಹೆಚ್ಚು. ಹೃದಯಕ್ಕೆ ದಿನಾ ಸಣ್ಣ ಆಸ್ಪಿರಿನ್ ಮಾತ್ರೆ ನುಂಗುವವರಿಗೆ, ರಕ್ತ ತೆಳು ಮಾಡುವ ಮದ್ದಿನಲ್ಲಿ ಇರುವವರಿಗೆ ಹೊಟ್ಟೆಯೊಳಗೆ ರಕ್ತಸ್ರಾವದ ಭಯ. ಮಲ ಡಾಂಬರಿನ ಹಾಗೆ ಕಪ್ಪಗೆ ಹೋದರೆ ಕಾಯಬೇಡಿ.

ಮಕ್ಕಳಾಗದ ಹಾಗೆ ನುಂಗುವ ಮಾತ್ರೆಯನ್ನು ನಾವು ಮದ್ದು ಅಂತ ಡಾಕ್ಟರರಿಗೆ ಹೇಳುವುದೇ ಇಲ್ಲ. ಹೇಳಬೇಕು. ತಲೆನೋವು ಶುರುವಾಗುವ ಮುಂಚೆ ಕಣ್ಣ ಮುಂದೆ ಬೆಳಕಿನ ಗೆರೆಗಳು ಅಂಕುಡೊಂಕಾಗಿ ಕಾಣುವವರು, ಸ್ವಲ್ಪ ಹೊತ್ತು ಒಂದು ಬದಿ ಮಂಜಾಗುವವರು ಮಾಲಾ–ಡಿ, ಮಾಲಾ–ಎನ್ ತರದ ಈಸ್ಟ್ರೋಜನ್ ಇರುವ ಮಾತ್ರೆ ತೆಗೆದುಕೊಂಡರೆ ಪಾರ್ಶ್ವವಾಯುವಿನ ಅಪಾಯ ಹೆಚ್ಚುತ್ತದೆ. ಅಂಥವರಿಗೆ ಕಾಪರ್–ಟಿ ಮುಂತಾದ ಬೇರೆ ದಾರಿ ಇದೆ, ಆಶಾ ಕಾರ್ಯಕರ್ತೆಯನ್ನು ಕೇಳಿ. ಹಾಗೆಯೇ ಅರೆತಲೆನೋವು ಬಾರದಂತೆ ಕೆಲವರಿಗೆ ಕೊಡುವ ವ್ಯಾಲ್‌ಪ್ರೊಯೇಟ್ ಹೊಟ್ಟೆಯಲ್ಲಿರುವ ಮಗುವಿಗೆ ಹಾನಿ ಮಾಡುತ್ತದೆ. ಮಗು ಬೇಕು ಅಂತ ಇರುವವರು ಮೊದಲೇ ಡಾಕ್ಟರರಲ್ಲಿ ಮಾತಾಡಿ. ಮನಸ್ಸಿನ ಬೇಜಾರಿಗೆ, ನಿದ್ದೆಗೆ ಮಾತ್ರೆ ತೆಗೆದುಕೊಳ್ಳುವವರೂ ನಾಚಿಕೆ ಪಡದೆ ಹೇಳಿ, ಕೆಲವು ತಲೆನೋವಿನ ಮದ್ದಿನ ಜೊತೆ ಅವು ಹೊಂದುವುದಿಲ್ಲ. ಆದರೆ ಯಾವ ಮಾತ್ರೆಯನ್ನೂ ನೀವಾಗಿಯೇ ನಿಲ್ಲಿಸಬೇಡಿ.

ಇನ್ನೊಂದು ಸಂಗತಿ ಕೇಳಿದರೆ ಹೆಚ್ಚಿನವರು ನಂಬುವುದಿಲ್ಲ. ಮಾತ್ರೆಯೇ ತಲೆನೋವು ತರುತ್ತದೆ. ಪ್ಯಾರಸಿಟಮಾಲ್‌ನಂಥ ಸಾದಾ ಮಾತ್ರೆ ತಿಂಗಳಿಗೆ 15 ದಿನ, ವ್ಯಾಸೋಗ್ರೇನ್, ಸಾರಿಡಾನ್‌ನಂಥ ಹಲವು ಮದ್ದು ಸೇರಿದ್ದು 10 ದಿನ, ಹೀಗೆ ಮೂರು ತಿಂಗಳು ದಾಟಿದರೆ ದಿನಾ ತಲೆನೋವು ಬರುವ ಸಂಭವ ಉಂಟು. ಗೋಡೆಯ ಕ್ಯಾಲೆಂಡರಿನಲ್ಲಿ ಮಾತ್ರೆ ನುಂಗಿದ ದಿನಕ್ಕೆ ಒಂದು ಗುರುತು ಹಾಕಿ. ವಾರಕ್ಕೆ ಎರಡು ದಿನಕ್ಕಿಂತ ಹೆಚ್ಚು ಗುರುತು ಬಿದ್ದರೆ ಆ ಕ್ಯಾಲೆಂಡರನ್ನೇ ಡಾಕ್ಟರರಿಗೆ ತೋರಿಸಿ. ನೋವು ಬಾರದಂತೆ ತಡೆಯುವ ಬೇರೆ ಮದ್ದುಗಳು ಇವೆ.

ಆಸ್ಪತ್ರೆಗೆ ಹೋಗುವಾಗ ಮನೆಯಲ್ಲಿರುವ ಎಲ್ಲಾ ಮಾತ್ರೆ ಪಟ್ಟಿಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ, ನಾಟಿ ಮದ್ದು ಇದ್ದರೆ ಅದನ್ನೂ. ಮಾತ್ರೆ ಕತ್ತರಿಸುವಾಗ ಹೆಸರು ಮತ್ತು ತಾರೀಕು ಇರುವ ತುದಿಯನ್ನು ಉಳಿಸಿಕೊಳ್ಳಿ.

ಇದ್ದಕ್ಕಿದ್ದಂತೆ ಹಿಂದೆಂದೂ ಬಾರದಂಥ ತಲೆನೋವು, ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು, ಕೈಕಾಲು ಬಲಹೀನ ಆಗುವುದು, ಜ್ವರದ ಜೊತೆ ಕುತ್ತಿಗೆ ಬಗ್ಗದಿರುವುದು, ಐದು ತಿಂಗಳು ದಾಟಿದ ಬಸುರಿಗೆ ಜೋರು ತಲೆನೋವು, ಇವು ಮಾತ್ರೆ ನುಂಗಿ ಮಲಗುವ ನೋವುಗಳಲ್ಲ. ಕೂಡಲೇ 108ಕ್ಕೆ ಫೋನ್ ಮಾಡಿ.