ಗೋದಲಿಯಲ್ಲಿ ನಾಲ್ಕು ತಾಲ್ಲೂಕು

2007ರಲ್ಲಿ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳನ್ನು ಬೆಂಗಳೂರು ಗ್ರಾಮಾಂತರದಿಂದ ಬೇರೆ ಮಾಡಿ ಹೊಸ ಜಿಲ್ಲೆ ಕಟ್ಟಿದರು. ನಮ್ಮವ್ವ ಆ ನಾಲ್ಕೂ ತಾಲ್ಲೂಕನ್ನು ಪ್ರತಿ ಡಿಸೆಂಬರ್‌ನಲ್ಲಿ ನಡುಮನೆಯ ಒಂದು ಮೂಲೆಯಲ್ಲಿ, ಮಂಚದಷ್ಟು ಜಾಗದಲ್ಲಿ ಕಟ್ಟುತ್ತಿದ್ದಳು. ನಾವು ಅದನ್ನು ಗೋದಲಿ ಅನ್ನುತ್ತೇವೆ. ಯೇಸು ಹುಟ್ಟಿದ ಕೊಟ್ಟಿಗೆ, ಮರಿಯಮ್ಮ, ಜೋಸೆಫ್, ಕುರುಬರು, ಕುರಿಗಳು, ಮೂವರು ರಾಜರು. ದಸರೆಗೆ ಬೊಂಬೆ ಕೂರಿಸುವ ಮನೆಯವರಿಗೆ ಇದರ ಸಡಗರ ಬಿಡಿಸಿ ಹೇಳಬೇಕಿಲ್ಲ.

ಪೇಟೆಯಲ್ಲಿ ಪ್ಲಾಸ್ಟರ್ ಬೊಂಬೆಗಳ ಸೆಟ್ಟೇ ಸಿಗುತ್ತದೆ. ಡಬ್ಬಿ ತೆಗೆದು ಜೋಡಿಸಿದರೆ ಅರ್ಧ ಗಂಟೆಯ ಕೆಲಸ. ಅವ್ವನಿಗೆ ಅದು ಸೇರುತ್ತಿರಲಿಲ್ಲ. ನಮ್ಮದು ರೇಷ್ಮೆ ಬೆಳೆಯುವ ಮನೆ. ಅಪ್ಪ ಗೂಡು ಹಾಕಲು ರಾಮನಗರದ ಮಾರುಕಟ್ಟೆಗೆ ಹೋಗುವ ಮೊದಲು ಕಲೆಯಾದ, ತೂತಾದ ಗೂಡುಗಳನ್ನು ಆರಿಸಿ ಪಕ್ಕಕ್ಕಿಡುತ್ತಿದ್ದರು. ಅವು ಅವ್ವನ ಪಾಲು. ಬಿಳಿ ಗೂಡಿಗೆ ನಾಲ್ಕು ಬೆಂಕಿಕಡ್ಡಿ ಚುಚ್ಚಿ, ದೀಪದ ಮಸಿಯಿಂದ ಮೂತಿ ಬರೆದರೆ ಕುರಿ. ಹಳದಿ ಗೂಡನ್ನು ಅರ್ಧಕ್ಕೆ ಕತ್ತರಿಸಿ ಸೀರಿಯಲ್ ಸೆಟ್ಟಿನ ಬಲ್ಬಿಗೆ ಟೋಪಿಯಂತೆ ಹಾಕಿದರೆ ನಕ್ಷತ್ರ. ಆ ಬೆಳಕಿನ ಬಣ್ಣವನ್ನು ನಾನು ಬೇರೆ ಯಾವ ಲೈಟಿನಲ್ಲೂ ಕಂಡಿಲ್ಲ. ಕುರುಬರು, ರಾಜರು ಚನ್ನಪಟ್ಟಣದವರು. ಅಲ್ಲಿ ಬಣ್ಣದ ಕೆಲಸ ಮಾಡುತ್ತಿದ್ದ ನೆಂಟರೊಬ್ಬರು ಕಡೆಯುವಾಗ ಸೀಳು ಬಿಟ್ಟ ಬೊಂಬೆಗಳನ್ನು ಚೀಲದಲ್ಲಿ ತಂದುಕೊಡುತ್ತಿದ್ದರು. ಹಾಲೆ ಮರದ ತುಂಡು ತಿರುಗುತ್ತಿರುವಾಗಲೇ ಅರಗಿನ ಕಡ್ಡಿ ಒತ್ತಿದರೆ ಆ ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹಿಡಿಯುತ್ತದೆಂದು ನನಗೆ ಮೊದಲು ಹೇಳಿದ್ದು ಅವ್ವ. ಸೀಳಿದ್ದ ಕಡೆಗೆ ಕಂಬಳಿಯ ಚೂರು ಹೊದಿಸಿದರೆ ಕುರುಬ ತಯಾರು.

ಹಿಂದಿನ ಬೆಟ್ಟಕ್ಕೆ ಗೋಣಿತಾಟನ್ನು ಮಣ್ಣಿನ ಗಂಜಿಯಲ್ಲಿ ಅದ್ದಿ ಒಣಗಿಸುತ್ತಿದ್ದಳು. ಒಂದು ಬದಿಗೆ ನುಣುಪಾದ ಒಂಟಿ ಬಂಡೆ, ಅದು ಸಾವನದುರ್ಗ, ಅವಳ ತವರಾದ ಮಾಗಡಿ ಕಡೆಯದು. ಇನ್ನೊಂದು ಬದಿಗೆ ರಾಮದೇವರ ಬೆಟ್ಟ. ಅದರ ತುದಿಯಲ್ಲಿ ಕಪ್ಪು ಕಾಗದದ ರಣಹದ್ದು! 2012ರಲ್ಲಿ ಆ ಬೆಟ್ಟವನ್ನು ರಣಹದ್ದು ಧಾಮವೆಂದು ಘೋಷಿಸಿದ ಮೇಲೆ ಅದು ಬಂದು ಕೂತಿದ್ದು. ಬೆತ್ಲೆಹೇಮಿನಲ್ಲಿ ರಣಹದ್ದು ಯಾಕೆ ಎಂದು ಕೇಳಿದವರಿಗೆ, “ನೀವೇನು ಹೋಗಿ ನೋಡ್ಕಂಡ್ ಬಂದಿದ್ದೀರಾ? ನಮ್ಮ ಕಡೆ ಹುಟ್ಟಿದ್ರೆ ಇದೇ ಇರ್ತಿತ್ತು” ಅನ್ನುತ್ತಿದ್ದಳು. ಹಬ್ಬಕ್ಕೆ ಹತ್ತು ಹನ್ನೆರಡು ದಿನ ಮುಂಚೆ ತೆಂಗಿನ ನಾರಿನ ಪುಡಿಯಲ್ಲಿ ರಾಗಿ ಬಿತ್ತುತ್ತಿದ್ದಳು. 24ರ ರಾತ್ರಿ ಬಾಲಯೇಸುವನ್ನು ಮಲಗಿಸುವ ಹೊತ್ತಿಗೆ ಕುರಿಗಳ ಸುತ್ತ ನಿಜವಾದ ಹಸಿರು ಪೈರು.

ಮೊದಲ ಗೋದಲಿ ಮಾಡಿದವರು ಅಸಿಸ್ಸಿಯ ಸಂತ ಫ್ರಾನ್ಸಿಸ್, 1223ರಲ್ಲಿ, ಇಟಲಿಯ ಗ್ರೇಚೊ ಎಂಬ ಹಳ್ಳಿಯಲ್ಲಿ. ಅವರು ಅದನ್ನು ಮಾಡಿದ್ದೂ ಊರಿನ ಹುಲ್ಲು, ಊರಿನ ದನಗಳಿಂದಲೇ. ಅವ್ವನಿಗೆ ಈ ಕಥೆ ಗೊತ್ತಾಗಿದ್ದು ತುಂಬಾ ತಡವಾಗಿ, ಆದರೆ ಕೆಲಸ ಅದೇ ದಾರಿಯಲ್ಲಿ ನಡೆದಿತ್ತು.

ನಮ್ಮೂರು ಇರುವುದು ಕನಕಪುರ ತಾಲ್ಲೂಕಿನ ಹಾರೋಬೆಲೆಯ ಹತ್ತಿರ. ಹಾರೋಬೆಲೆ ಎಂದರೆ ಹೊರಗಿನವರಿಗೆ ಅರ್ಕಾವತಿಯ ಜಲಾಶಯ. ನಮಗೆ ಅದು ಚರ್ಚಿನ ಊರು. ಅಲ್ಲಿ ಬಹುಪಾಲು ಮನೆಗಳು ಕ್ರೈಸ್ತರವು. ಈ ಸೀಮೆಗೆ ಈ ಧರ್ಮ ಬಂದದ್ದು ಬ್ರಿಟಿಷರ ಜೊತೆ ಎಂದು ಕಾಲೇಜಿನಲ್ಲಿ ಅನೇಕರು ತಿಳಿದಿದ್ದಾರೆ. ಹಾಗಲ್ಲ. 17ನೇ ಶತಮಾನದಲ್ಲೇ ಲಿಯೊನಾರ್ಡೊ ಚಿನ್ನಮಿ ಎಂಬ ಇಟಲಿಯ ಯೇಸುಸಭೆಯ ಪಾದ್ರಿ ಶ್ರೀರಂಗಪಟ್ಟಣಕ್ಕೆ ಬಂದು ಕನ್ನಡ ಕಲಿತು ಕನ್ನಡದಲ್ಲೇ ಬರೆದರು. ಆದರೂ ಪೂಜೆಯ ಭಾಷೆ ಲ್ಯಾಟಿನ್ ಆಗಿಯೇ ಉಳಿಯಿತು. 1962ರಿಂದ 1965ರವರೆಗೆ ನಡೆದ ಎರಡನೇ ವ್ಯಾಟಿಕನ್ ಮಹಾಸಭೆಯ ನಂತರವೇ ಅದು ಕನ್ನಡಕ್ಕೆ ಬಂದದ್ದು. ನನ್ನ ಅಜ್ಜಿ ಹುಡುಗಿಯಾಗಿದ್ದಾಗ ಅರ್ಥವಾಗದ ಲ್ಯಾಟಿನ್ನಿಗೆ ಆಮೆನ್ ಅಂದವಳು. ಅವಳ ಮಗಳು ಕನ್ನಡದಲ್ಲಿ ಪದ ಕಟ್ಟಿದಳು.

ಪದ ಕಟ್ಟಿದ್ದು ಹುಳುಮನೆಯಲ್ಲಿ. ರೇಷ್ಮೆ ಹುಳು ಸಾಕಿದವರಿಗೆ ಗೊತ್ತು, ಚಾಕಿಯಿಂದ ಗೂಡು ಕಟ್ಟುವ ತನಕ ಇಪ್ಪತ್ತೈದಕ್ಕೂ ಹೆಚ್ಚು ದಿನ ಮನೆಯೆಲ್ಲ ಅದರ ಊಳಿಗದಲ್ಲಿರುತ್ತದೆ. ನಾಲ್ಕು ಸಲ ಹುಳು ಜ್ವರಕ್ಕೆ ಕೂರುತ್ತದೆ, ಅಂದರೆ ಮೇವು ಬಿಟ್ಟು ಅಲುಗಾಡದೆ ಪೊರೆ ಕಳಚುತ್ತದೆ. ನಾಲ್ಕನೇ ಜ್ವರ ಎದ್ದ ಮೇಲೆ ಅದಕ್ಕೆ ಬಕಾಸುರನ ಹಸಿವು. ಹಗಲು ರಾತ್ರಿ ಹಿಪ್ಪುನೇರಳೆ ಸೊಪ್ಪು ಹಾಕಬೇಕು. ತಟ್ಟೆಯ ಮೇಲೆ ಸೊಪ್ಪು ಬಿದ್ದ ಸ್ವಲ್ಪ ಹೊತ್ತಿಗೆ ಸಣ್ಣ ಮಳೆ ಬಂದಂಥ ಸದ್ದು. ಅವ್ವ ಆ ಸದ್ದಿನಲ್ಲಿ ಜಪಸರ ಹೇಳುತ್ತಿದ್ದಳು. ಕೈಗೆ ಬಿಡುವಿಲ್ಲವಾದ್ದರಿಂದ ಮಣಿ ಎಣಿಸುತ್ತಿರಲಿಲ್ಲ, ತಟ್ಟೆ ಎಣಿಸುತ್ತಿದ್ದಳು. ಒಂದು ತಟ್ಟೆಗೆ ಒಂದು ನಮೋ ಮರಿಯ.

ಜಪ ಮುಗಿದ ಮೇಲೆ ಪದ. ಸೋಬಾನೆಯ ಧಾಟಿ, ಒಳಗೆ ಮರಿಯಮ್ಮನ ಕಥೆ. ಬಸುರಿ ಮರಿಯಮ್ಮ ಕತ್ತೆ ಮೇಲೆ ಊರೂರು ಅಲೆಯುತ್ತಾಳೆ, ಯಾರ ಮನೆಯಲ್ಲೂ ಜಾಗವಿಲ್ಲ, ಕಡೆಗೆ ಹುಳುಮನೆಯವಳೊಬ್ಬಳು ಕೈಕಾಲು ತೊಳೆಸಿ ಒಳಗೆ ಕರೆಯುತ್ತಾಳೆ. ಕೈಕಾಲು ತೊಳೆಸುವುದನ್ನು ಅವ್ವ ಮರೆಯುವಂತಿಲ್ಲ, ಸೋಂಕು ತಗುಲಿದರೆ ಇಡೀ ಬೆಳೆ ಹೋಗುತ್ತದೆ. ಸೊಪ್ಪು ಕೊಯ್ಯಲು ಬರುತ್ತಿದ್ದ ಹೆಂಗಸರೆಲ್ಲ ಈ ಪದಕ್ಕೆ ಸೊಲ್ಲು ಕೊಡುತ್ತಿದ್ದರು. ಅವರಲ್ಲಿ ಕ್ರೈಸ್ತರು ಒಬ್ಬರೋ ಇಬ್ಬರೋ. ತಪಸ್ಸುಕಾಲ ಬಂದರೆ ಮಾತ್ರ ಪದ ನಿಂತು ಹೊಲಿಗೆ ಮಿಷನ್ ಸದ್ದು. ಹಾರೋಬೆಲೆಯಲ್ಲಿ ಆಡುವ ಯೇಸುವಿನ ಪಾಡಿನ ನಾಟಕಕ್ಕೆ ರೋಮನ್ ಸೈನಿಕರ ನಿಲುವಂಗಿ ಹೊಲಿಯುವುದು, ಹಳೆಯ ಕೆಂಪು ಸೀರೆಗಳಲ್ಲಿ. ಒಂದು ವರ್ಷ ನನ್ನ ಚಿಕ್ಕಮ್ಮನ ಮದುವೆ ಸೀರೆಯೂ ಪಿಲಾತನ ಮೈಮೇಲೆ ಹೋಯಿತು. ಆ ಜಗಳ ಪಾಸ್ಖ ಹಬ್ಬದ ನಂತರವೂ ನಡೆಯಿತು.

2019ರ ಕ್ರಿಸ್‌ಮಸ್ ದಿನ ಹಾರೋಬೆಲೆಯ ಕಪಾಲಬೆಟ್ಟದಲ್ಲಿ 114 ಅಡಿಯ ಯೇಸು ಪ್ರತಿಮೆಗೆ ಶಂಕುಸ್ಥಾಪನೆಯಾಯಿತು. ಜನವರಿಯಲ್ಲಿ ಕನಕಪುರದಲ್ಲಿ ಅದರ ವಿರುದ್ಧ ಪ್ರತಿಭಟನೆ. ಒಂದು ತಿಂಗಳು ಟಿ.ವಿ. ಹಚ್ಚಿದರೆ ನಮ್ಮ ಸೀಮೆಯೇ. ನಾನಾಗ ಒಂಬತ್ತನೇ ಕ್ಲಾಸು. ಅದುವರೆಗೆ ನನ್ನ ಜಾತಿ ಧರ್ಮ ಕೇಳದಿದ್ದವರು ಬಸ್ಸಿನಲ್ಲಿ ಕೇಳತೊಡಗಿದರು. ಪ್ರತಿಮೆ ಬೇಕೋ ಬೇಡವೋ ಎಂದು ಅವ್ವ ಬಾಯಿಬಿಟ್ಟು ಹೇಳಿದ್ದು ನೆನಪಿಲ್ಲ. “ಟೀವಿ ಆರ್ಸವ್ವ, ಹುಳ ಹಸ್ಕಂಡವೆ” ಎಂದದ್ದು ನೆನಪಿದೆ. ಆ ಸಂಕ್ರಾಂತಿಗೆ ಎಳ್ಳು ಬೆಲ್ಲ ಬರುತ್ತದೋ ಇಲ್ಲವೋ ಎಂಬ ಅಳುಕು ಮಾತ್ರ ಅವಳ ಮುಖದಲ್ಲಿತ್ತು. ಕ್ರಿಸ್‌ಮಸ್ಸಿಗೆ ನಮ್ಮ ಮನೆಯಿಂದ ಕಜ್ಜಾಯ, ಚಕ್ಕುಲಿ ಹೋದ ಪಾತ್ರೆಗಳು ಸಂಕ್ರಾಂತಿಗೆ ತುಂಬಿ ವಾಪಸ್ ಬರುವುದು ರೂಢಿ. ಹದಿನಾಲ್ಕು ಪಾತ್ರೆ ಹೋಗಿದ್ದವು. ಸಂಜೆಯೊಳಗೆ ಹದಿಮೂರು ಬಂದವು. ಆ ಹದಿನಾಲ್ಕನೆಯದನ್ನು ಅವ್ವ ಕೊನೆಯವರೆಗೂ ಕೇಳಲಿಲ್ಲ, ಆ ಮನೆಗೆ ಕಜ್ಜಾಯ ಕಳಿಸುವುದನ್ನು ಬಿಡಲೂ ಇಲ್ಲ. ಮುಂದಿನ ವರ್ಷ ಸ್ಟೀಲ್ ಪಾತ್ರೆಯ ಬದಲು ಬಾಳೆಲೆಯಲ್ಲಿ ಕಟ್ಟಿ ಕಳಿಸಿದಳು, ಅಷ್ಟೇ. ಅವಳಿಗೂ ಲೆಕ್ಕಾಚಾರ ಬರುತ್ತಿತ್ತು.

2023ರ ಮುಂಗಾರಿನಲ್ಲಿ ಅವಳ ಎದೆಯಲ್ಲಿ ಗಂಟು ಕಾಣಿಸಿತು. “ಈ ಬೆಳೆ ಒಂದು ಆಗ್ಲಿ, ಆಮೇಕೆ ತೋರುಸ್ಕಂಡ್ರಾಯ್ತು” ಎಂದಳಂತೆ ಅಪ್ಪನಿಗೆ. ರೇಷ್ಮೆಯವರ ಮನೆಯಲ್ಲಿ ಮದುವೆ, ಆಸ್ಪತ್ರೆ, ನೆಂಟರ ಊರು ಎಲ್ಲವೂ ಹುಳು ಹಣ್ಣಾಗುವ ದಿನ ನೋಡಿಯೇ ಗೊತ್ತಾಗುವುದು. ಒಂದು ಬೆಳೆ ಆಯಿತು, ಮೊಟ್ಟೆ ಆಗಲೇ ಬುಕ್ ಆಗಿತ್ತು, ಇನ್ನೊಂದು ಬೆಳೆ ಆಯಿತು. ಮೂರನೆಯದಕ್ಕೆ ಒಳ್ಳೆಯ ರೇಟು ಬಂತು, ಆ ದುಡ್ಡಿನಲ್ಲೇ ಬೆಂಗಳೂರಿನ ಆಸ್ಪತ್ರೆಗೆ ಹೋದರು. ಗಂಟು ಆಗಲೇ ಕಂಕುಳಿಗೆ ಹಬ್ಬಿತ್ತು. ಕೀಮೋ ಶುರುವಾದ ಮೇಲೆ ಅವ್ವ ಹುಳುಮನೆಯ ಒಳಗೆ ಕಾಲಿಡಲಿಲ್ಲ. ತಂಬಾಕು ಮುಟ್ಟಿದ ಕೈ, ಸೆಂಟಿನ ವಾಸನೆ ಹುಳುವಿಗೆ ಆಗಿಬರುವುದಿಲ್ಲ, ಹಾಗೇ ಈ ಔಷಧಿಯ ವಾಸನೆಯೂ ಆಗಲಿಕ್ಕಿಲ್ಲ ಎಂದು ಅವಳ ಯೋಚನೆ. ಹೊಸಿಲ ಆಚೆ ಸುಣ್ಣದ ಗೆರೆಯ ಬಳಿ ಕುರ್ಚಿ ಹಾಕಿಕೊಂಡು ಸದ್ದು ಕೇಳಿಯೇ, “ಆ ಮೂಲೆ ತಟ್ಟೆಗೆ ಸೊಪ್ಪು ಸಾಲ್ದು” ಎನ್ನುತ್ತಿದ್ದಳು. ಹೆಚ್ಚಾಗಿ ಅದು ನಿಜವೇ ಆಗಿರುತ್ತಿತ್ತು.

ಆ ಡಿಸೆಂಬರ್‌ಗೆ ಗ್ರೇಚೊದ ಗೋದಲಿಗೆ 800 ವರ್ಷ ತುಂಬಿತೆಂದು ಚರ್ಚಿನಲ್ಲಿ ಸ್ವಾಮಿಗಳು ಹೇಳಿದರು. ಫ್ರಾನ್ಸಿಸರ ಕಥೆ ಅವ್ವ ಕೇಳಿದ್ದು ಆಗ. ತಲೆಗೆ ಬಟ್ಟೆ ಕಟ್ಟಿಕೊಂಡು ಕೂತವಳಿಗೆ ಏನು ಹೊಳೆಯಿತೋ, ಈ ವರ್ಷ ಅರ್ಕಾವತಿ ಹರಿಯಬೇಕು ಎಂದಳು. ಅದುವರೆಗೆ ನದಿ ಎಂದರೆ ಬೆಳ್ಳಿ ಬಣ್ಣದ ಕಾಗದ. ಆಸ್ಪತ್ರೆಯ ನರ್ಸ್ ಒಬ್ಬರನ್ನು ಕೇಳಿ, ಅವಧಿ ಮೀರಿದ ಡ್ರಿಪ್ ಪೈಪೊಂದನ್ನು ಇಸಿದುಕೊಂಡು ಬಂದಳು. ಸಾವನದುರ್ಗದ ಹಿಂದೆ ನೀರು, ಅಲ್ಲಿಂದ ಪೈಪು, ಹನಿ ಹೆಚ್ಚುಕಡಿಮೆ ಮಾಡುವ ಚಕ್ರ, ಅರ್ಧ ಸೀಳಿದ ಬಿದಿರಿನಲ್ಲಿ ನದಿ, ಕೊನೆಗೆ ರಾಗಿ ಪೈರಿನ ಪಕ್ಕ ಪುಟ್ಟ ಜಲಾಶಯ. ನೋಡಲು ಊರೇ ಬಂತು. ಹದಿನಾಲ್ಕನೇ ಪಾತ್ರೆಯ ಮನೆಯ ಮಕ್ಕಳೂ ಬಂದಿದ್ದರು.

2024ರ ಜೂನ್‌ನಲ್ಲಿ ಅವ್ವ ಹೋದಳು.

ಅವಳ ಪುಸ್ತಕ ನನ್ನ ಕೈಗೆ ಸಿಕ್ಕಿದ್ದು ಆಮೇಲೆ. ಮುಂದಿನಿಂದ ಬೆಳೆಯ ಲೆಕ್ಕ: ಎಷ್ಟು ಮೊಟ್ಟೆ, ಯಾವತ್ತು ಜ್ವರ, ಎಷ್ಟು ಕೆ.ಜಿ. ಗೂಡು, ಏನು ರೇಟು. ಹಿಂದಿನಿಂದ ಗೋದಲಿ: ಯಾವ ವರ್ಷ ಏನು ಮಾಡಿದ್ದು, ಏನು ಕೆಟ್ಟಿತು. ಕೊನೆಯ ಚಿತ್ರದ ಪಕ್ಕ ಪೆನ್ಸಿಲ್ಲಿನಲ್ಲಿ ಹೀಗಿದೆ: “ಬಾಟಲಿ ಬ್ಯಾಡ. ಮೊದ್ಲು ಜೋರು, ಆಮೇಲೆ ಸಣ್ಣ. ಅಗಲದ ಬೇಸನ್ ಇಡು.” ನಾನು ಸಿವಿಲ್ ವಿದ್ಯಾರ್ಥಿನಿ. ಪಾತ್ರೆಯ ತೂತಿನಿಂದ ಹರಿಯುವ ನೀರಿನ ವೇಗ ಮೇಲಿರುವ ನೀರಿನ ಎತ್ತರಕ್ಕೆ ತಕ್ಕಂತೆ ಬದಲಾಗುತ್ತದೆ ಎಂದು ನಮಗೆ ಮೂರನೇ ಸೆಮಿಸ್ಟರ್‌ನಲ್ಲಿ ಬೋರ್ಡಿನ ಮೇಲೆ ಸೂತ್ರ ಬರೆದು ಹೇಳಿಕೊಟ್ಟರು. ಕಿರಿದಾದ ಬಾಟಲಿಯಲ್ಲಿ ಆ ಎತ್ತರ ಬೇಗ ಇಳಿಯುತ್ತದೆ, ಅಗಲದ ಬೇಸನ್ನಿನಲ್ಲಿ ನಿಧಾನ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು ಅದನ್ನು ಎರಡು ಕೀಮೋಗಳ ನಡುವೆ ಕಂಡುಕೊಂಡಿದ್ದಳು.

ಕಾಲೇಜಿನಲ್ಲಿ ಪ್ಲೇಸ್‌ಮೆಂಟಿಗೆ ಹೆಸರು ಕೊಡುವಾಗ ತಾಯಿಯ ಉದ್ಯೋಗ ಎಂಬ ಕಾಲಂ ಬಂತು. ಆರಿಸಿಕೊಳ್ಳಲು ಇದ್ದವುಗಳಲ್ಲಿ ‘ಗೃಹಿಣಿ’ ಇತ್ತು, ‘ದಿವಂಗತ’ ಇತ್ತು. ಜಮೀನಿನ ಪಹಣಿ, ಮಾರುಕಟ್ಟೆಯ ಚೀಟಿ ಎಲ್ಲ ಅಪ್ಪನ ಹೆಸರಿನಲ್ಲೇ ಇರುವುದರಿಂದ ಅವಳು ರೇಷ್ಮೆ ಬೆಳೆದಳು ಎನ್ನಲು ಆ ಪುಸ್ತಕ ಬಿಟ್ಟು ಬೇರೆ ದಾಖಲೆಯಿಲ್ಲ. ಪದಗಳಿಗಂತೂ ಅದೂ ಇಲ್ಲ, ಅವಳು ಒಂದನ್ನೂ ಬರೆದಿಟ್ಟಿಲ್ಲ. ನನಗೆ ನೆನಪಿರುವಷ್ಟನ್ನು ಫೋನಿನಲ್ಲಿ ರೆಕಾರ್ಡ್ ಮಾಡಲು ಕೂತೆ, ನಡುವಿನ ಎರಡು ಸೊಲ್ಲು ಸಿಗಲಿಲ್ಲ.

ಕಳೆದ ತಿಂಗಳು ರಜೆಗೆ ಹೋದಾಗ ಸೊಪ್ಪು ಕೊಯ್ಯುತ್ತಿದ್ದ ಪಕ್ಕದ ಹೊಲದ ಅಕ್ಕ ಅದೇ ಪದ ಹೇಳುತ್ತಿದ್ದರು. ಮರೆತ ಎರಡು ಸೊಲ್ಲೂ ಅದರಲ್ಲಿದ್ದವು. ಆದರೆ ಅವರ ಬಾಯಲ್ಲಿ ಮರಿಯಮ್ಮ ಮಾರಮ್ಮ ಆಗಿದ್ದಳು. ಕತ್ತೆ ಹಾಗೇ ಇತ್ತು. ಇದು ಯಾರು ಕಲಿಸಿದ ಪದ ಅಕ್ಕ ಎಂದೆ. “ಅಯ್ಯೋ, ನಮ್ಮ ಹಳೇ ಕಾಲದ್ದು ಕಣವ್ವ” ಎಂದರು. ನಾನು ಪೂರ್ತಿ ರೆಕಾರ್ಡ್ ಮಾಡಿಕೊಂಡೆ.